ಕೊಳ್ಳುವವರ ಕಡೆಯ ದಳ್ಳಾಳಿ

ನಮ್ಮ ಸೋದರಮಾವ ಹತ್ತು ವರ್ಷ ಮನೆ ದಳ್ಳಾಳಿಯಾಗಿದ್ದ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನಲ್ಲಿ ಮನೆ ಮಾರುವವರಿಗೆಲ್ಲ ಅವನ ಪರಿಚಯವಿತ್ತು; ಬೀದಿಯ ತುದಿಯಲ್ಲಿ ಅವನು ಕಂಡರೆ ಬಾಗಿಲು ಹಾಕಿಕೊಳ್ಳುವಷ್ಟು ಪರಿಚಯ. ಈ ಹತ್ತು ವರ್ಷದಲ್ಲಿ ಅವನು ಯಾರಿಗೂ ಒಂದು ಮನೆ ಕೊಡಿಸಲಿಲ್ಲ. ಮನೆ ಹೋಗಲಿ, ಒಂದು ಹಿತ್ತಲು ಕೊಡಿಸಲಿಲ್ಲ, ಒಂದು ಕೊಟ್ಟಿಗೆ ಕೊಡಿಸಲಿಲ್ಲ. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಉತ್ಪ್ರೇಕ್ಷೆ ಮಾಡಲು ಮನಸ್ಸಿನಲ್ಲಿ ಸ್ವಲ್ಪ ಉಲ್ಲಾಸ ಬೇಕು. ನನ್ನ ಉಲ್ಲಾಸವನ್ನೆಲ್ಲ ಈ ಮಹಾನುಭಾವ ಎಂದೋ ಹಿಂಡಿ ಒಣಗಹಾಕಿದ್ದ. ಏಕೆಂದರೆ ಅವನ ಏಕೈಕ ಗಿರಾಕಿ ನಾನು.

ಅವನ ನಿಜವಾದ ಕಸುಬು ಕುರಿ ದಳ್ಳಾಳಿ. ಕಳ್ಳಂಬೆಳ್ಳದ ಹತ್ತಿರದ ಒಂದು ಹಳ್ಳಿಯವನು. ಕುರಿಯ ಬೆನ್ನಿನ ಮೇಲೆ ಅಂಗೈ ಇಟ್ಟು ಒಂದು ಸಲ ಒತ್ತಿದರೆ ಅದರ ತೂಕ, ವಯಸ್ಸು, ಕಾಯಿಲೆ ಎಲ್ಲ ಹೇಳುತ್ತಿದ್ದ. ನಮ್ಮ ಕಡೆ ಕುರಿ ಸಂತೆಯಲ್ಲಿ ಒಂದು ಪದ್ಧತಿಯಿದೆ. ಮಾರುವವನ ಕಡೆಗೊಬ್ಬ ದಳ್ಳಾಳಿ, ಕೊಳ್ಳುವವನ ಕಡೆಗೊಬ್ಬ ದಳ್ಳಾಳಿ. ಇಬ್ಬರೂ ಕೈ ಕೈ ಸೇರಿಸಿ ಮೇಲೊಂದು ಟವೆಲ್ಲು ಮುಚ್ಚುತ್ತಾರೆ. ಬಾಯಿ ಮಳೆ ಬೆಳೆಯ ಮಾತಾಡುತ್ತಿರುತ್ತದೆ, ಬೆರಳುಗಳು ಟವೆಲ್ಲಿನ ಕೆಳಗೆ ರೇಟು ಹೇಳುತ್ತಿರುತ್ತವೆ. ಪಕ್ಕದಲ್ಲಿ ನಿಂತವನಿಗೂ ಏನೂ ತಿಳಿಯುವುದಿಲ್ಲ. ಮಾಲು ಹಿಡಿಸದಿದ್ದರೆ ನಮ್ಮ ಮಾವ ಅಂಗೈಯನ್ನು ಟವೆಲ್ಲಿಗೆ ಒರೆಸಿಕೊಂಡು ಸುಮ್ಮನೆ ನಡೆದುಬಿಡುತ್ತಿದ್ದ. ಒರೆಸಿಕೊಂಡನೆಂದರೆ ಮುಗಿಯಿತು, ಬ್ರಹ್ಮ ಬಂದು ಹೇಳಿದರೂ ಆ ಕುರಿ ಬೇಡ. ಇನ್ನೊಂದು ಕಟ್ಟಳೆಯೂ ಇತ್ತು. ವ್ಯಾಪಾರ ಕುದುರಿ ಕುರಿಯ ಹಗ್ಗ ಕೈ ಬದಲಾಯಿಸಿದ ಮೇಲೆ ಅದರ ಬಗ್ಗೆ ಕೆಟ್ಟ ಮಾತು ಆಡುವಂತಿಲ್ಲ. ಪಾಪ, ಕೊಂಡವನು ಅದನ್ನು ಮನೆಗೆ ಹೊಡೆದುಕೊಂಡು ಹೋಗಬೇಕಲ್ಲ.

ಇಂಥವನು ಮನೆ ದಳ್ಳಾಳಿ ಹೇಗಾದ? ತಪ್ಪು ನನ್ನದೇ. ನಾನು ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮದುವೆಯಾದ ಹೊಸದರಲ್ಲಿ ಒಂದು ದಿನ, ಸ್ವಂತಕ್ಕೊಂದು ಮನೆ ನೋಡುತ್ತಿದ್ದೇನೆ, ಬ್ರೋಕರ್ ಒಬ್ಬನನ್ನು ಹಿಡಿದಿದ್ದೇನೆ ಎಂದು ಮಾವನ ಮುಂದೆ ಬಾಯಿಬಿಟ್ಟೆ.

"ಅವ್ನು ಯಾರ ಕಡೆಯೋನ್ಲಾ?" ಎಂದ ಮಾವ.

"ಯಾರ ಕಡೆ ಅಂದ್ರೆ? ಮನೆ ಬ್ರೋಕರ್ ಅಂದ್ರೆ ಎರಡು ಕಡೆಗೂ ಒಬ್ಬನೇ ಮಾವ."

ಮಾವ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕುಳಿತ. "ಲೇ ಮೇಷ್ಟ್ರೆ, ನಾಕು ತಿಂಗ್ಳು ಬದುಕೋ ಕುರೀಗೆ ಕಡೀಕೊಬ್ಬ ದಳ್ಳಾಳಿ ಬೇಕು. ನಾಕು ತಲೆಮಾರು ಬಾಳೋ ಮನೇಗೆ ಒಬ್ನೇ ಸಾಕಾ? ಎರಡು ಎಲೆ ಹಾಕ್ಕೊಂಡು ಕುಂತೋನು ಯಾವ ಎಲೆ ಉಪ್ಪಿಗೆ ನಿಯತ್ತಾಗಿರ್ತಾನೆ ಹೇಳು ನೋಡಾನ. ಕೊಳ್ಳೋರ ಕಡೆಗೂ ಒಬ್ಬ ಇರಬೇಕು ಕಣ್ಲಾ. ನಿನ್ ಕಡೆಗೆ ನಾನವ್ನಿ."

ಮಾತು ಎಷ್ಟು ಸರಿಯಾಗಿತ್ತೆಂದರೆ ನನ್ನ ಕಣ್ಣು ತುಂಬಿ ಬಂತು. ಅದೇ ಕಣ್ಣು ಮುಂದೆ ಹತ್ತು ವರ್ಷ ಬೇರೆ ಕಾರಣಕ್ಕೆ ತುಂಬುತ್ತಲೇ ಇತ್ತು.

ನನಗೆ ಮನೆ ಏಕೆ ಬೇಕಿತ್ತು ಎಂದು ಹೇಳಬೇಕು. ಅರಮನೆಯ ಆಸೆಯೇನೂ ಇರಲಿಲ್ಲ. ನನ್ನ ಹೆಂಡತಿಗೆ ಒಂದು ಮೊಳೆ ಹೊಡೆಯಬೇಕಿತ್ತು. ಅವಳು ಮದಲೂರಿನವಳು. ಅವಳ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಆ ತಾಯಿ ಶಿರಾದ ಸ್ಟುಡಿಯೋದಲ್ಲಿ ಕುರ್ಚಿಯ ತುದಿಯಲ್ಲಿ ಹೆದರಿಕೊಂಡು ಕುಳಿತಿದ್ದ ಒಂದೇ ಒಂದು ಫೋಟೋ, ಕಟ್ಟು ಹಾಕಿಸಿದ್ದು, ಮದುವೆಯಲ್ಲಿ ಇವಳ ಜೊತೆ ಬಂತು. ಅದನ್ನು ಗೋಡೆಗೆ ತೂಗುಹಾಕಬೇಕೆಂಬುದು ಇವಳ ಆಸೆ. ಆದರೆ ಬಾಡಿಗೆ ಮನೆಯ ಮಾಲೀಕರು ಎಲ್ಲ ಊರಿನಲ್ಲೂ ಒಂದೇ ಜಾತಿ. ಬಾಡಿಗೆ ತಡವಾದರೆ ಒಂದು ವಾರ ಸಹಿಸುತ್ತಾರೆ, ಮೊಳೆಯನ್ನು ಮಾತ್ರ ಸಹಿಸುವುದಿಲ್ಲ. "ಗೋಡೆಗೆ ಮೊಳೆ ಹೊಡೀಬ್ಯಾಡಿ ಮೇಷ್ಟ್ರೆ" ಎಂಬ ಮಾತನ್ನು ನಾನು ಕೊರಟಗೆರೆಯಲ್ಲಿ ಕೇಳಿದ್ದೇನೆ, ಪಾವಗಡದಲ್ಲಿ ತೆಲುಗಿನಲ್ಲಿ ಕೇಳಿದ್ದೇನೆ. ವರ್ಗವಾದಾಗಲೆಲ್ಲ ಮನೆ ಬದಲಾಗುತ್ತಿತ್ತು. ಫೋಟೋ ಮಾತ್ರ ಒಂದು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿರುತ್ತಿತ್ತು. ಹಬ್ಬದ ದಿನ ಅವಳು ಅದನ್ನು ತೆಗೆದು ಗೋಡೆಗೆ ಒರಗಿಸಿ, ಕುಂಕುಮವಿಟ್ಟು, ಸಂಜೆ ಮತ್ತೆ ಸುತ್ತಿಡುತ್ತಿದ್ದಳು. ನೋಡಲಾಗುತ್ತಿರಲಿಲ್ಲ.

ಮೊದಲು ನೋಡಿದ್ದು ಪಾವಗಡದ ಮನೆ. ನಾನು ಆಗ ಅಲ್ಲಿಯೇ ಕೆಲಸದಲ್ಲಿದ್ದೆ. ಗಟ್ಟಿಯಾದ ಕಲ್ಲುಕಟ್ಟಡ. ಮಾರುವವರ ಬ್ರೋಕರ್ ಕೈಯಲ್ಲಿ ಛತ್ರಿ ಹಿಡಿದು ಬಂದಿದ್ದ. ಮಾವ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದಿದ್ದ, ಮುಖದಲ್ಲಿ ಹಳ್ಳಿಗಮಾರನ ಕಳೆ. ಬ್ರೋಕರ್ ನಮ್ಮೊಂದಿಗೆ ಕನ್ನಡದಲ್ಲಿ ನಗುನಗುತ್ತ ಮಾತಾಡಿದ. ಮಾಲೀಕನ ಕಡೆ ತಿರುಗಿದಾಗ ತೆಲುಗಿಗೆ ಇಳಿದ. "ಈ ಮೇಷ್ಟ್ರುಕಿ ಏಮೀ ತೆಲೀದು. ತಲ ಊಪುತಾಡು ಅಂತೇ" ಎಂದ. ಈ ಮೇಷ್ಟ್ರಿಗೆ ಏನೂ ತಿಳಿಯದು, ಸುಮ್ಮನೆ ತಲೆಯಾಡಿಸುತ್ತಾನೆ ಎಂದು. ಮಾವ ಮಧ್ಯಾಹ್ನದವರೆಗೆ ಏನೂ ಅರ್ಥವಾಗದವನ ಹಾಗೆ ಕುಳಿತು, ಬೇಸಗೆಯಲ್ಲಿ ಬಾವಿ ಬತ್ತುವುದು, ಹಿಂದಿನ ಗೋಡೆ ಪಕ್ಕದವರದ್ದು ಎಂಬುದನ್ನೆಲ್ಲ ಅವರ ಬಾಯಿಂದಲೇ ಕೇಳಿಸಿಕೊಂಡ. ಆಮೇಲೆ ಎದ್ದು, "ಮೇಷ್ಟ್ರುಕಿ ತೆಲೀದು. ನಾಕು ತೆಲುಸು", ಮೇಷ್ಟ್ರಿಗೆ ತಿಳಿಯದು, ನನಗೆ ತಿಳಿಯುತ್ತದೆ ಎಂದು ಅಂಗೈಯನ್ನು ಟವೆಲ್ಲಿಗೆ ಒರೆಸಿಕೊಂಡ. ಮೂವತ್ತು ವರ್ಷ ಆಂಧ್ರದ ಕಡೆಗೆ ಕುರಿ ಹೊಡೆದವನಿಗೆ ತೆಲುಗು ಬರುತ್ತದೆಂದು ಆ ಛತ್ರಿಯವನಿಗೆ ಹೇಗೆ ಗೊತ್ತಾಗಬೇಕು? ನಾನು ಹೆಮ್ಮೆಯಿಂದ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳೂ ನಕ್ಕಳು. ಅದು ಮೊದಲನೇ ಮನೆಯಾದ್ದರಿಂದ ನಗುವುದಕ್ಕೆ ಇನ್ನೂ ಶಕ್ತಿಯಿತ್ತು.

ಶಿರಾದ ಮನೆಯ ಹೊತ್ತಿಗೆ ಆ ಶಕ್ತಿ ಅರ್ಧವಾಗಿತ್ತು. ಅದು ವಯಸ್ಸಾದ ಒಬ್ಬ ಸಾಹೇಬರ ಮನೆ. ಎಂಥ ಮನೆ ಅಂತೀರಿ! ಗಾಳಿ, ಬೆಳಕು, ಸಿಹಿನೀರಿನ ಬಾವಿ, ಹಿತ್ತಲಲ್ಲಿ ಎರಡು ತೆಂಗಿನಮರ. ಮಾವ ಮೊದಲ ದಿನ ಗೋಡೆಗಳ ಮೇಲೆಲ್ಲ ಅಂಗೈ ಆಡಿಸಿದ. ಒಂದು ದೋಷವೂ ಸಿಗಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಆದರೆ ಮಾವನ ಮುಖ ಕಪ್ಪಿಟ್ಟಿತು.

"ಐಬಿಲ್ದೆ ಇರೋ ಮಾಲು ಸಂತೇಗೆ ಬತ್ತೈತೇನ್ಲಾ?" ಎಂದ. "ಎಲ್ಲೋ ಐತೆ. ನಂಗೆ ಸಿಗ್ತಿಲ್ಲ ಅಷ್ಟೆ."

ಎರಡನೆಯ ದಿನ ಅಟ್ಟ ಹತ್ತಿದ. ಮೂರನೆಯ ದಿನ ಬಾವಿಗೆ ಇಳಿದ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೋಡಿದ್ದೇನೆ, ಕಲ್ಲು ಸಿಗಲಿಲ್ಲವೆಂದು ಮೊಸರಿನ ಮೇಲೆ ಅನುಮಾನಪಟ್ಟವನು ಇವನೊಬ್ಬನೇ. ಕೊನೆಗೆ ಸಾಹೇಬರೇ ಸೋತುಹೋದರು. ಚಹಾ ತರಿಸಿಕೊಟ್ಟು, "ನೋಡಿ ಯಜಮಾನ್ರೆ, ಖುದಾ ಕಸಂ ಹೇಳ್ತೀನಿ. ಜೋರು ಮಳೆ ಬಂದ್ರೆ ಅಡಿಗೆಮನೆ ಮೂಲೆನಾಗೆ ಒಂದು ಸ್ವಲ್ಪ ಸೋರ್ತದೆ. ಈಗ ನಿಮಗೆ ಸಮಾಧಾನ ಆಯ್ತಾ? ತಗೊಳ್ತೀರಾ?" ಎಂದರು.

ಮಾವನ ಮುಖ ಅರಳಿತು. ಮೂರು ದಿನದ ದುಡಿಮೆ ಸಾರ್ಥಕವಾದ ಸಂತೋಷ. "ನಾನ್ ಹೇಳ್ಲಿಲ್ವಾ?" ಎಂದು ನನ್ನ ಕಡೆ ನೋಡಿ, ಅಂಗೈಯನ್ನು ಟವೆಲ್ಲಿಗೆ ಒರೆಸಿಕೊಂಡ. ಸಾಹೇಬರು ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತ, "ಮೇಷ್ಟ್ರು ಸಾಬ್, ನಿಮಗೆ ಸಬರ್ ಬಹಳ ಐತೆ" ಎಂದರು. ನನಗೆ ತಾಳ್ಮೆಯಿರಲಿಲ್ಲ, ಬೇರೆ ಮಾವ ಇರಲಿಲ್ಲ ಅಷ್ಟೆ.

ಆಮೇಲೆ ಕೊರಟಗೆರೆ. ಅಲ್ಲಿ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಮನೆ ಇದ್ದದ್ದು ಒಬ್ಬ ಹೆಂಗಸಿನ ಹೆಸರಿನಲ್ಲಿ. ಅವರ ತಂದೆ ಮಗಳಿಗೆಂದು ಬರೆದುಕೊಟ್ಟಿದ್ದು. ಮಾರಲು ಓಡಾಡುತ್ತಿದ್ದವನು ಅವರ ಗಂಡ. ಆದರೆ ವ್ಯಾಪಾರದ ಕೈ ಯಾರ ಹೆಸರಿನಲ್ಲಿ ಮಾಲಿದೆಯೋ ಅವರದ್ದೇ ಆಗಬೇಕೆಂದು ಮಾವ ಹಟ ಹಿಡಿದ. ಹಾಗಾದರೆ ಟವೆಲ್ಲಿನ ಕೆಳಗೆ ಪರಹೆಂಗಸಿನ ಕೈಯನ್ನು ಅವನು ಹಿಡಿಯುವುದುಂಟೇ? "ಬಾಯಲ್ಲೇ ಕೇಳು ಮಾವ, ಎಲ್ಲರೂ ಬಾಯಲ್ಲೇ ಕೇಳ್ತಾರೆ" ಎಂದು ಅಂಗಲಾಚಿದೆ. ಬಾಯಲ್ಲಿ ಆಡುವುದು ಮಾತು, ಬೆರಳಲ್ಲಿ ಆಡುವುದು ವ್ಯಾಪಾರ ಎಂದುಬಿಟ್ಟ.

ಅವನು ಕಂಡುಕೊಂಡ ಪರಿಹಾರ ಕೇಳಿ. ಎಂಟು ದಿನ ನಮ್ಮ ಬಾಡಿಗೆ ಮನೆಯಲ್ಲಿ ಠಿಕಾಣಿ ಹೂಡಿ ನನ್ನ ಹೆಂಡತಿಗೆ ಬೆರಳಿನ ಭಾಷೆ ಕಲಿಸಿದ. ಅವಳು ಮುದ್ದೆ ತೊಳಸಿ ಕೈ ತೊಳೆದುಕೊಂಡು ಬಂದರೆ ಸಾಕು, ಟವೆಲ್ಲು ಹಾಸುತ್ತಿದ್ದ. "ಇದು ಒಂದು. ಇದು ಎರಡು. ಹಿಂಗೆ ಕಿರುಬೆರಳು ಮಡಚಿದ್ರೆ ಮಾಲಲ್ಲಿ ಐಬೈತೆ ಅಂತ. ಇದು ಹೊರಗ್ನೋರಿಗಲ್ಲ, ನಮ್ಮ ದಳ್ಳಾಳಿ ನಮ್ಮೋರಿಗೆ ಮಾತ್ರ ಹೇಳಾದು. ಐದೂ ಬೆರಳು ಸೇರಿಸಿ ಅಮುಕಿದ್ರೆ, ಆಯ್ತು ತಗೋ ಅಂತ. ತಿಳೀತೇನಮ್ಮ?" ಅವಳು ನನಗಿಂತ ಚುರುಕು. ನಾಲ್ಕೇ ದಿನದಲ್ಲಿ ಮಾವನನ್ನೇ ಸೋಲಿಸತೊಡಗಿದಳು. ನಾನು ಪಕ್ಕದಲ್ಲಿ ಕಾಪಿ ಪುಸ್ತಕ ತಿದ್ದುತ್ತ ಕುಳಿತು, ಇಷ್ಟು ಹೊತ್ತಿನಲ್ಲಿ ಬೇರೆಯವರು ಮನೆ ಕೊಂಡು, ಸುಣ್ಣ ಹೊಡೆಸಿ, ಹಬ್ಬವನ್ನೂ ಮಾಡಿರುತ್ತಾರೆ ಎಂದು ಯೋಚಿಸುತ್ತಿದ್ದೆ.

ಆ ದಿನ ಬಂತು. ನಡುಮನೆಯಲ್ಲಿ ಇಬ್ಬರು ಹೆಂಗಸರು ಎದುರುಬದುರು ಕುಳಿತರು, ಕೈಗಳ ಮೇಲೆ ಟವೆಲ್ಲು. ಗಂಡಸರೆಲ್ಲ ಜಗಲಿಯಲ್ಲಿ. ಐದು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಒಳಗಿನಿಂದ ಒಮ್ಮೆ ನಗು ಕೇಳಿಸಿತು, ಆಮೇಲೆ ಮೂಗೇರಿಸುವ ಸದ್ದು. ಹೊರಗೆ ಬಂದ ನನ್ನ ಹೆಂಡತಿ, "ಬ್ಯಾಡ ಮಾವ. ಆವಮ್ಮಂಗೆ ಬೆರಳು ಬರಲ್ಲ. ನನ್ ಕೈ ಗಟ್ಟಿಯಾಗಿ ಹಿಡ್ಕೊಂಡೋರು ಬಿಡಲೇ ಇಲ್ಲ. ಅಪ್ಪ ಕೊಟ್ಟಿದ್ದ ಮನೆಯಂತೆ. ಮಾರಾಕೆ ಅವ್ರಿಗೆ ಮನಸಿಲ್ಲ" ಎಂದಳು. ಮಾವ ಅಂಗೈ ಒರೆಸಿಕೊಳ್ಳಲಿಲ್ಲ. "ನೀನು ನನ್ನನ್ನೂ ಮೀರಿಸ್ದೆ ಕಣಮ್ಮ. ಮಾಲಿನ ಐಬು ನಂಗೆ ತಿಳೀತದೆ, ಮಾರೋರ ಮನಸು ತಿಳಿಯಾಕಿಲ್ಲ" ಎಂದ. ಇಬ್ಬರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಂತೋಷವಾಗಿದ್ದರು. ಬಸ್ಸಿಳಿದು ಬಾಡಿಗೆ ಮನೆಯ ಬೀಗ ತೆಗೆದಾಗಲೇ ಅವಳಿಗೆ, ನಾವು ಮನೆ ಕೊಳ್ಳಲು ಹೋಗಿದ್ದೆವು ಎಂಬುದು ನೆನಪಾದದ್ದು.

ಹೀಗೆ ಎಷ್ಟು ಮನೆ? ಲೆಕ್ಕ ಇಡುವುದನ್ನು ಬಿಟ್ಟೆ. ಒಂದರಲ್ಲಿ ಬಾಗಿಲು ತೆರೆದಾಗ ಹಲ್ಲಿ ಬಿತ್ತು. ಹಲ್ಲಿ ಶಕುನಕ್ಕಲ್ಲ, ತೊಲೆಯಲ್ಲಿ ಗೆದ್ದಲಿದ್ದರೇ ಅಲ್ಲಿ ಹಲ್ಲಿ ಇರುವುದು ಎಂದು ಬೇಡವೆಂದ. ನೋಡಿದರೆ ಗೆದ್ದಲು ಇತ್ತು! ಇದೇ ನನ್ನನ್ನು ಕೊಲ್ಲುತ್ತಿದ್ದ ಸಂಗತಿ. ಅವನು ಒಂದು ಸಲವಾದರೂ ತಪ್ಪು ಹೇಳಿದ್ದರೆ ಜಗಳವಾಡಿ ಬಿಟ್ಟುಬಿಡಬಹುದಿತ್ತು. ಯಾವಾಗಲೂ ಅವನು ಹೇಳಿದ್ದೇ ಸರಿಯಿರುತ್ತಿತ್ತು. ದೋಷವಿಲ್ಲದ ಮನೆ ಎಂಬುದು ಸಾವಿಲ್ಲದ ಮನೆಯ ಸಾಸಿವೆಯೆಂದು ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ನಾವು ಏಳು ಬಾಡಿಗೆ ಮನೆ ಬದಲಾಯಿಸಿದ್ದೆವು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿ, ಅಜ್ಜಿ ಟ್ರಂಕಿನಲ್ಲಿ ಇರುತ್ತಾರೆ ಎಂದು ನೆರೆಮನೆಯವರಿಗೆ ಹೇಳುವಷ್ಟು ದೊಡ್ಡವರಾಗಿದ್ದರು.

ಮಧುಗಿರಿಯಲ್ಲಿ ನಮ್ಮ ಏಳನೆಯ ಮಾಲೀಕರು ಮಗನ ಮದುವೆಗೆಂದು ಮನೆ ಬಿಡಿ ಎಂದರು. ಆ ಸಂಜೆ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಫೋಟೋವನ್ನು ಸೀರೆಯಲ್ಲಿ ಸುತ್ತುತ್ತ, ತಲೆಯೆತ್ತದೆ ಹೇಳಿದಳು: "ನಿಮ್ಮ ಮಾವ ಕೊಳ್ಳೋರ ಕಡೆ ಅಲ್ಲ. ಬಾಡಿಗೆಗೆ ಕೊಡೋರ ಕಡೆ." ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ. ಮುಂದಿನ ಮನೆಯಲ್ಲೂ ಹೀಗೆಯೇ, ಅದರ ಮುಂದಿನದರಲ್ಲೂ ಹೀಗೆಯೇ ಎಂದು ಅವಳು ಒಪ್ಪಿಕೊಂಡುಬಿಟ್ಟಿದ್ದಳು.

ಮರುದಿನವೇ ನಾನು ದ್ರೋಹ ಮಾಡಿದೆ. ಮಾವ ಕುರಿ ಹೊಡೆದುಕೊಂಡು ಪಾವಗಡದ ಆಚೆ ಹೋಗಿದ್ದ ಸಮಯ ನೋಡಿ, ಮಧುಗಿರಿಯ ಒಬ್ಬ ಬ್ರೋಕರನ ಮುಂದೆ ನಿಂತೆ. ಇಸ್ತ್ರಿ ಮಾಡಿದ ಬಿಳಿ ಷರಟು, ಕಿಸೆಯಲ್ಲಿ ಎರಡು ಪೆನ್ನು. ಎರಡು ಕಡೆಗೂ ಒಂದೊಂದು ಇರಬೇಕು. ಅವನು ತೋರಿಸಿದ್ದು ಬೆಟ್ಟದ ಬುಡಕ್ಕಿದ್ದ ಒಂದು ಸಣ್ಣ ಮನೆ. ಹೊಸದಾಗಿ ತಿಳಿನೀಲಿ ಬಣ್ಣ ಹೊಡೆದು ಮದುವಣಗಿತ್ತಿಯ ಹಾಗೆ ನಿಲ್ಲಿಸಿದ್ದರು. "ಸುಟ್ಟಿಟ್ಟಿಗೆ ಗೋಡೆ ಸಾರ್, ಸಿಮೆಂಟ್ ಗಾರೆ. ನೂರು ವರ್ಷಕ್ಕೆ ಮೋಸ ಇಲ್ಲ" ಎಂದ. ನಾನು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ಅಂಗೈಯಿಂದ ಇನ್ನೇನು ತಿಳಿಯಬೇಕೋ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದಲ್ಲಿ ಆಗದ್ದು ಎರಡು ವಾರದಲ್ಲಿ ಆಗಿಹೋಯಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವಾಗ, ಮಾವ ಕಿಟಕಿಯ ಆಚೆ ನಿಂತು ಕೈ ಒರೆಸಿಕೊಳ್ಳುತ್ತಿದ್ದಾನೆ ಎಂದು ಎರಡು ಸಲ ತಿರುಗಿ ನೋಡಿದೆ.

ಗೃಹಪ್ರವೇಶಕ್ಕೆ ಅವನನ್ನು ಕರೆಯದೆ ಇರಲಾಗುತ್ತದೆಯೇ? ಕಳ್ಳಂಬೆಳ್ಳಕ್ಕೆ ನಾನೇ ಹೋಗಿ, ಅವನ ಮುಖ ನೋಡದೆ, ಹಟ್ಟಿಯಲ್ಲಿದ್ದ ಒಂದು ಟಗರನ್ನು ನೋಡಿಕೊಂಡು ವಿಷಯ ಹೇಳಿದೆ. ಮಾವ ಆ ಟಗರಿನ ಬೆನ್ನಿನ ಮೇಲೆ ಅಂಗೈ ಆಡಿಸುತ್ತ ನಿಂತ.

"ದಳ್ಳಾಳಿ ಯಾರು?" ಎಂದ ಕೊನೆಗೆ. ಹೇಳಿದೆ.

"ಎರಡು ಎಲೆಯೋನಾ?"

"ಹೂಂ ಮಾವ."

"ಬತ್ತೀನಿ ನಡಿ" ಎಂದ. ಅಷ್ಟೆ.

ಬಂದ. ಒಗೆದ ಪಂಚೆ, ಹೆಗಲ ಮೇಲೆ ಅದೇ ಟವೆಲ್ಲು. ಮನೆ ತುಂಬ ನೆಂಟರು, ಸ್ಕೂಲಿನ ಮೇಷ್ಟ್ರುಗಳು. ಮಾವ ಒಳಗೆ ಬಂದವನು ಊಟದ ಎಲೆಯ ಕಡೆ ನೋಡದೆ ನೇರವಾಗಿ ನಡುಮನೆಯ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟ. ಹೆಂಡತಿ ಪಾಯಸದ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಂಗೈ ಗೋಡೆಯನ್ನು ಬಿಟ್ಟಿತು, ಮೇಲೆದ್ದಿತು, ಟವೆಲ್ಲಿನ ಕಡೆಗೆ ಹೊರಟಿತು. ಟವೆಲ್ಲನ್ನು ತೆಗೆದುಕೊಂಡು ಮಾವ ಮುಖ ಒರೆಸಿಕೊಂಡ.

"ಚೆನ್ನಾಗೈತೆ ಕಣ್ಲಾ ಮೇಷ್ಟ್ರೆ" ಎಂದ ಎಲ್ಲರಿಗೂ ಕೇಳಿಸುವಂತೆ. "ಒಳ್ಳೆ ಮನೆ ತಗಂಡಿದೀಯ."

ಹತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಆ ಮಾತು ಬಂದಿತ್ತು. ನನಗಾದ ಆನಂದದ ಜೊತೆಗೆ ಸ್ವಲ್ಪ ಅಹಂಕಾರವೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ನೋಡಿ, ಇವನಿಗೆ ಹತ್ತು ವರ್ಷ ಸಿಗದ ಮನೆ ನನಗೆ ಎರಡು ವಾರದಲ್ಲಿ ಸಿಕ್ಕಿತಲ್ಲ ಎಂದು. ಮಾವ ನನ್ನ ಹೆಂಡತಿಯನ್ನು ಹತ್ತಿರ ಕರೆದು, ಅವಳ ಕೈಯ ಮೇಲೆ ಟವೆಲ್ಲು ಮುಚ್ಚಿ, ಏನೋ ಕೊಟ್ಟ ಹಾಗೆ ಕಂಡಿತು. ಮುಯ್ಯಿಯನ್ನು ಜನರೆದುರು ಕೊಡಲು ಸಂಕೋಚಪಟ್ಟು ಹಾಗೆ ಕೊಡುತ್ತಿದ್ದಾನೆ ಎಂದುಕೊಂಡೆ. ಟವೆಲ್ಲನ್ನು ಅವನು ಮತ್ತೆ ಹೆಗಲಿಗೆ ಹಾಕಿಕೊಳ್ಳಲಿಲ್ಲ, ಅವಳ ಕೈಯಲ್ಲೇ ಬಿಟ್ಟ.

ಆಮೇಲೆ ಅವಳು ಟ್ರಂಕಿನಿಂದ ಫೋಟೋ ತಂದಳು. ನಾನು ಸುತ್ತಿಗೆ ತಂದೆ. ಬಾಗಿಲಿಗೆ ಎದುರಾಗಿ, ನಡುಗೋಡೆಯ ಮಧ್ಯದಲ್ಲಿ ಹಾಕಬೇಕೆಂದು ನನ್ನ ಯೋಚನೆ. ಮಾವ ಸುತ್ತಿಗೆ ಕಿತ್ತುಕೊಂಡ. ಗೋಡೆಗೆ ಕಿವಿಯಿಟ್ಟು, ಬೆರಳ ಗಿಣ್ಣಿನಿಂದ ಕುಟ್ಟುತ್ತ ಕುಟ್ಟುತ್ತ ಈ ತುದಿಯಿಂದ ಆ ತುದಿಗೆ ಹೋದ. ನೆಂಟರೆಲ್ಲ ನಗುತ್ತಿದ್ದರು. ಕೊನೆಗೆ ಅಡಿಗೆಮನೆಯ ಬಾಗಿಲಿನ ಪಕ್ಕ, ಮೂಲೆಯಲ್ಲಿ, ಯಾರೂ ಫೋಟೋ ಹಾಕದ ಜಾಗದಲ್ಲಿ ನಿಂತ.

"ಇಲ್ಲಿ ಹೊಡೀಬೇಕು."

"ಮೂಲೇಲಿ ಯಾಕೆ ಮಾವ? ಯಾರಿಗೂ ಕಾಣಲ್ಲ."

"ಒಲೆ ಮುಂದೆ ಕುಂತ್ರೆ ಈಯಮ್ಮಂಗೆ ಕಾಣ್ತದಲ್ಲ. ಇನ್ಯಾರಿಗೆ ಕಾಣಬೇಕು?"

ನನ್ನ ಹೆಂಡತಿ ತಾನೇ ಹೋಗಿ ಅಲ್ಲಿ ಮೊಳೆ ಹಿಡಿದಳು. ಮಾವ ಹೊಡೆದ. ಮೊಳೆ ಕಚ್ಚಿ ನಿಂತಿತು. ಫೋಟೋ ಗೋಡೆಯೇರಿತು. ಅವಳು ಅಷ್ಟು ಹೊತ್ತು ಅದನ್ನೇ ನೋಡಿಕೊಂಡು ನಿಂತಿದ್ದನ್ನು ಕಂಡು ನಾನು ಜಾಗದ ಬಗ್ಗೆ ಜಗಳ ಬಿಟ್ಟೆ. ಹೊರಡುವಾಗ ಮಾವ, "ಬ್ಯಾರೆಲ್ಲೂ ಮೊಳೆ ಹೊಡೀಬ್ಯಾಡ್ರಪ್ಪ. ಚೆಂದಾಗಿರೋ ಗೋಡೆ" ಎಂದ. ಎಲ್ಲರೂ ಘೊಳ್ಳೆಂದು ನಕ್ಕರು. ಸ್ವಂತ ಮನೆ ಕೊಂಡರೂ ಈ ಮಾತು ತಪ್ಪಲಿಲ್ಲವಲ್ಲ ಎಂದು ನಾನೂ ನಕ್ಕೆ.

ಅಲ್ಲಿಗೆ ಅವನ ಮನೆ ದಳ್ಳಾಳಿತನ ಮುಗಿಯಿತು. ನನ್ನ ಮೇಲೆ ಮುನಿಸಿಕೊಂಡು ಬಿಟ್ಟಿದ್ದಾನೆ ಎಂದೇ ನಾನು ತಿಳಿದಿದ್ದೆ. ಮೂರು ವರ್ಷದ ನಂತರ ತೀರಿಕೊಂಡ. ನಾನು ಅವನ ಹತ್ತಿರ ಕ್ಷಮೆ ಕೇಳಿರಲಿಲ್ಲ. ಕೇಳುವಂಥದ್ದೇನಿದೆ, ಮನೆ ಚೆನ್ನಾಗಿದೆ ಎಂದು ಅವನೇ ಹೇಳಿದ್ದಾನಲ್ಲ ಎಂಬ ಧೈರ್ಯ.

ಅವನು ಹೋದ ಮರುವರ್ಷ ನಮ್ಮ ಕಡೆ ಅಪರೂಪಕ್ಕೆ ವಾರಗಟ್ಟಲೆ ಮಳೆ ಹಿಡಿಯಿತು. ನಡುಮನೆಯ ಗೋಡೆಯ ತಿಳಿನೀಲಿ ಬಣ್ಣ ಹೊಪ್ಪಳಿಕೆಯೆದ್ದು, ಗಾರೆ ಚಕ್ಕೆಚಕ್ಕೆಯಾಗಿ ಬಿತ್ತು. ಗಾರೆ ಕೆಲಸದವನನ್ನು ಕರೆಸಿ, ಸುಟ್ಟಿಟ್ಟಿಗೆ ಗೋಡೆ ಹೀಗೇಕಾಯಿತು ಎಂದು ಕೇಳಿದೆ. ಅವನು ಕರಣೆಯಿಂದ ನಾಲ್ಕು ಕಡೆ ಕೆರೆದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ.

"ಯಾವ ಸುಟ್ಟಿಟ್ಟಿಗೆ ಸಾ? ಬರೀ ಹಸೀ ಮಣ್ಣು ಇದು. ಮ್ಯಾಲೊಂದು ಪದರ ಸಿಮೆಂಟ್ ಬಳಿದವ್ರೆ. ಎಲ್ಲಿ ಮೊಳೆ ಹೊಡೆದಿದ್ರೂ ಅಂಗೈಯಗಲ ಕಿತ್ಕೊಂಡು ಬತ್ತಿತ್ತು." ಆಮೇಲೆ ಮೂಲೆಗೆ ಹೋಗಿ, ಫೋಟೋ ಸರಿಸಿ ಕೆರೆದು ನೋಡಿದ. "ಇಡೀ ಗೋಡೇಲಿ ಇಲ್ಲೊಂದೇ ತಾವು ಮರದ ಕಂಬ ಐತೆ, ಗಾರೆ ಒಳಗಡೆ. ಈ ಮೊಳೆ ಹೊಡೆದೋನು ತಿಳ್ಕೊಂಡೇ ಹೊಡೆದವ್ನೆ ಸಾ. ಯಾರು?"

ಅಡಿಗೆಮನೆಗೆ ಹೋಗಿ ಹೆಂಡತಿಯ ಮುಂದೆ ಕುಳಿತೆ. ನಾವು ಮೋಸ ಹೋಗಿದ್ದೇವೆ, ಮಾವನಿಗೆ ಅವತ್ತೇ ಗೊತ್ತಾಗಿತ್ತು, ಗೊತ್ತಿದ್ದೂ ಸುಳ್ಳು ಹೇಳಿದ ಎಂದೆ.

"ಸುಳ್ಳು ಹೇಳಿದ್ದು ನಿಮ್ಗೆ" ಎಂದಳು ಅವಳು, ಒಲೆಯ ಮೇಲಿನ ಪಾತ್ರೆ ಇಳಿಸುತ್ತ. "ನಂಗೆ ನಿಜ ಹೇಳಿದ್ರು."

"ಯಾವಾಗ?"

"ಅವತ್ತೇ. ಟವೆಲ್ ಅಡೀಲಿ. ಮೊದ್ಲು ಕಿರುಬೆರಳು ಮಡಚಿದ್ರು. ಆಮೇಲೆ ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಅಮುಕಿದ್ರು."

ಐಬಿದೆ, ಆದರೂ ತಗೋ. ನಾನು ಮುಯ್ಯಿ ಎಂದುಕೊಂಡದ್ದು ಇದನ್ನು.

"ಇಷ್ಟು ವರ್ಷ ನನಗೇಕೆ ಹೇಳಲಿಲ್ಲ?"

"ಹಗ್ಗ ಕೈ ಬದಲಾಯಿಸಿದ್ಮ್ಯಾಲೆ ಮಾಲು ಹಳೀಬಾರ್ದು ಅಂತ ಮಾವ ಹೇಳ್ತಿರಲಿಲ್ವಾ? ಹೇಳಿದ್ರೆ ನೀವು ಒಂದು ದಿನವಾದ್ರೂ ಈ ಮನೇಲಿ ನೆಮ್ಮದಿಯಾಗಿ ಮಲಗ್ತಿದ್ರಾ?" ಎಂದಳು. ಆಮೇಲೆ, "ಅವತ್ತು ನಾನು ಅವ್ರನ್ನ ಬಾಡಿಗೆಯೋರ ಕಡೆ ಅಂದ್ಬುಟ್ಟಿದ್ದೆ ಕಣ್ರೀ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗೋಡೆಯನ್ನು ಕೆಡವಿ ಇಟ್ಟಿಗೆಯಲ್ಲಿ ಕಟ್ಟಿಸಿದೆವು. ಈ ಸಲ ನಿಜವಾದ ಇಟ್ಟಿಗೆ. ಒಂದೊಂದನ್ನೂ ನಾನೇ ಕುಟ್ಟಿ ನೋಡಿದ್ದೇನೆ. ಕಂಬ ಕಿತ್ತುಹಾಕುತ್ತೇನೆ ಎಂದ ಗಾರೆಯವನಿಗೆ ಹೆಂಡತಿ ಬೇಡವೆಂದಳು. ಈಗ ಎಲ್ಲಿ ಬೇಕಾದರೂ ಮೊಳೆ ಹೊಡೆಯಬಹುದು, ಆದರೂ ಅವಳ ತಾಯಿ ಅದೇ ಮೂಲೆಯಲ್ಲಿ, ಅದೇ ಕಂಬದ ಮೇಲೆ, ಕುರ್ಚಿಯ ತುದಿಯಲ್ಲಿ ಕುಳಿತಿದ್ದಾರೆ. ಮಾವನದ್ದೂ ಒಂದು ಫೋಟೋ ಹಾಕಬೇಕೆಂದು ಹುಡುಕಿದೆವು. ಆ ಮನುಷ್ಯ ಜನ್ಮದಲ್ಲಿ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ಫೋಟೋದ ಪಕ್ಕದಲ್ಲಿ ಅವಳೇ ಇನ್ನೊಂದು ಮೊಳೆ ಹೊಡೆದು, ಅವನ ಟವೆಲ್ಲನ್ನು ಮಡಚಿ ನೇತುಹಾಕಿದಳು.

ಮೇಷ್ಟ್ರು ಮನೆ ವಿಷಯದಲ್ಲಿ ಪಳಗಿದವರು ಎಂದು ಈಗ ಊರಿನ ಕೆಲವರು ನನ್ನ ಹತ್ತಿರ ಬಂದು, ಕೊಳ್ಳುವವರು ತಮ್ಮ ಕಡೆಗೆಂದೇ ಒಬ್ಬ ದಳ್ಳಾಳಿಯನ್ನು ಇಟ್ಟುಕೊಳ್ಳಬೇಕೇ ಎಂದು ಕೇಳುತ್ತಾರೆ. ಇಟ್ಟುಕೊಂಡರೆ ಮನೆ ಸಿಗುವುದಿಲ್ಲ ಎನ್ನುತ್ತೇನೆ. ಇಟ್ಟುಕೊಳ್ಳದಿದ್ದರೆ ಎಂದು ಕೇಳಿದರೆ ಆ ಮೂಲೆಯ ಕಡೆ ನೋಡುತ್ತೇನೆ. ಅವರೂ ನೋಡುತ್ತಾರೆ. ಅವರಿಗೆ ಕಾಣುವುದು ಒಣಗಲು ಹಾಕಿದ ಒಂದು ಹಳೆಯ ಟವೆಲ್ಲು.